ಸ್ಟ್ರಾಟ್‌ಫರ್ಡ್-ಅಪಾನ್-ಏವನ್‌ನಲ್ಲಿ ಅಪರಾಧ ಮತ್ತು ಸುರಕ್ಷತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಷೇಕ್ಸ್‌ಪಿಯರ್ ಹುಟ್ಟಿದ ಊರು ನೋಡಲು ಬರುವವರು, ಹತ್ತಿರದ ಗೇಡನ್‌ನ ಜಾಗ್ವಾರ್ ಲ್ಯಾಂಡ್ ರೋವರ್ (ಜೆಎಲ್‌ಆರ್) ಕಾರು ಕಂಪನಿಯಲ್ಲಿ ಕೆಲಸ ಸಿಕ್ಕಿ ಮನೆ ಹುಡುಕುವವರು, ಆಸ್ಪತ್ರೆ ಕೆಲಸಕ್ಕೆ ಬಂದವರು, ಮಗಳ ಮನೆಗೆ ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮ ಕೇಳುವ ಪ್ರಶ್ನೆಗಳು ಇಲ್ಲಿವೆ. ಸುಲಭದವು ಮೊದಲು, ಕಷ್ಟದವು ಕೊನೆಗೆ.

## ಬರುವ ಮುಂಚೆ

ಊರು ಸೇಫಾ? ಒಂದೇ ಮಾತಲ್ಲಿ ಹೇಳಿ.

ಸೇಫ್. ವಾರಿಕ್‌ಶೈರ್ ಕೌಂಟಿಯ ಈ ಪೇಟೆಯಲ್ಲಿ ಸುಮಾರು 30 ಸಾವಿರ ಜನ ಇದ್ದಾರೆ. ಇಂಥ ಊರುಗಳಲ್ಲಿ ಪೊಲೀಸರಿಗೆ ಕೆಲಸ ಕೊಡುವುದು ಅಂಗಡಿ ಕಳ್ಳತನ, ವಾರಾಂತ್ಯದ ರಾತ್ರಿ ಪಬ್ ಮುಂದಿನ ತಳ್ಳಾಟ, ಕಾರು ಕಳವು ಮತ್ತು ಮನೆಯೊಳಗಿನ ಜಗಳ. ದಾರಿಯಲ್ಲಿ ಹೋಗುವ ಅಪರಿಚಿತರ ಮೇಲೆ ಬೀಳುವವರು ಅಪರೂಪ. ಇಲ್ಲಿಗೆ ಬರುವ ಕನ್ನಡ ಕುಟುಂಬ ನಿಜಕ್ಕೂ ಹುಷಾರಾಗಿರಬೇಕಾದದ್ದು ನಾಲ್ಕು ವಿಷಯಗಳಲ್ಲಿ: ಮನೆಯಲ್ಲಿಟ್ಟ ಚಿನ್ನ, ಕಾರಿನ ಕೀ, ಫೋನಿನಲ್ಲಿ ಬರುವ ಮೋಸ, ಹಳ್ಳಿ ರಸ್ತೆ. ಕತ್ತಲ ಗಲ್ಲಿ ಈ ಪಟ್ಟಿಯಲ್ಲಿಲ್ಲ.

"ಸ್ಟ್ರಾಟ್‌ಫರ್ಡ್ ಕ್ರೈಮ್" ಅಂತ ಹುಡುಕಿದ್ರೆ ಚಾಕು ಇರಿತದ ಸುದ್ದಿನೇ ಬರುತ್ತೆ. ಯಾಕೆ?

ಅದು ಬೇರೆ ಊರು. ಪೂರ್ವ ಲಂಡನ್‌ನಲ್ಲೂ ಒಂದು ಸ್ಟ್ರಾಟ್‌ಫರ್ಡ್ ಇದೆ. 2012ರ ಒಲಿಂಪಿಕ್ಸ್ ನಡೆದ ಜಾಗ ಅದು, ಪೋಸ್ಟ್‌ಕೋಡ್ ಇ15 ಅಥವಾ ಇ20. ನಿಮಗೆ ಬೇಕಾದ ಪೇಟೆಯ ಪೋಸ್ಟ್‌ಕೋಡ್ ಸಿವಿ37ರಿಂದ ಶುರುವಾಗುತ್ತದೆ. ಹುಡುಕುವಾಗ ಊರ ಹೆಸರು ಬಿಟ್ಟು ಪೋಸ್ಟ್‌ಕೋಡ್ ಹಾಕಿ.

ಇನ್ನೊಂದು ಗೊಂದಲವೂ ಇದೆ. ಪೇಟೆಯ ಹೆಸರು ಸ್ಟ್ರಾಟ್‌ಫರ್ಡ್-ಅಪಾನ್-ಏವನ್, ಅದನ್ನು ಒಳಗೊಂಡ ಜಿಲ್ಲೆಯ ಹೆಸರು ಸ್ಟ್ರಾಟ್‌ಫರ್ಡ್-ಆನ್-ಏವನ್. ಜಿಲ್ಲೆಯಲ್ಲಿ ಸುಮಾರು 1 ಲಕ್ಷ 35 ಸಾವಿರ ಜನ, ಬಹುಪಾಲು ಹಳ್ಳಿಗಳು. "ಆನ್" ಎಂದಿರುವ ಅಂಕಿಯಲ್ಲಿ ಹಳ್ಳಿಗಳ ಟ್ರ್ಯಾಕ್ಟರ್ ಕಳವೂ ಸೇರಿರುತ್ತದೆ, ಪೇಟೆಯ ಬ್ರಿಡ್ಜ್ ಸ್ಟ್ರೀಟ್ ಅದರಲ್ಲಿ ಒಂದು ಚೂರು ಮಾತ್ರ. ಅಂದಹಾಗೆ, ವಾರಿಕ್‌ಶೈರ್ ಅನ್ನು ಬರೆದಂತೆ "ವಾರ್ವಿಕ್" ಎಂದು ಓದಿದರೆ ಫೋನಿನಲ್ಲಿ ಎರಡೆರಡು ಸಲ ಹೇಳಬೇಕಾಗುತ್ತದೆ.

ರಾತ್ರಿ ನಾಟಕ ಮುಗಿಸಿ ನಡ್ಕೊಂಡು ಹೋಗ್ಬಹುದಾ? ಹೆಂಗಸರು ಒಬ್ಬರೇ ಆದರೆ?

ರಾಯಲ್ ಷೇಕ್ಸ್‌ಪಿಯರ್ ಥಿಯೇಟರ್‌ನಲ್ಲಿ ಸಂಜೆಯ ಆಟ ಬಿಟ್ಟಾಗ ನೂರಾರು ಜನ ಒಟ್ಟಿಗೆ ಹೊರಬರುತ್ತಾರೆ. ಅವರ ಜೊತೆ ದೀಪವಿರುವ ಮುಖ್ಯ ಬೀದಿಗಳಲ್ಲಿ ನಡೆದರೆ ಆತಂಕವಿಲ್ಲ. ತಪ್ಪಿಸಬೇಕಾದದ್ದು ನದಿ ದಂಡೆಯ ಕಾಲುದಾರಿ, ಕಾಲುವೆ ಪಕ್ಕದ ದಾರಿ ಮತ್ತು ಆಟದ ಮೈದಾನ. ಕಾರಣ ಪುಂಡರಿಗಿಂತ ಹೆಚ್ಚಾಗಿ ಕತ್ತಲೆ ಮತ್ತು ನೀರು. ಶುಕ್ರವಾರ, ಶನಿವಾರ ರಾತ್ರಿ 11 ದಾಟಿದ ಮೇಲೆ ಪಬ್‌ಗಳ ಮುಂದೆ ಕುಡಿದವರ ಕೂಗಾಟ ಇರುತ್ತದೆ. ಉತ್ತರ ಕೊಡಲು ನಿಲ್ಲಬೇಡಿ, ರಸ್ತೆ ದಾಟಿಬಿಡಿ.

ರಾತ್ರಿ ಟ್ಯಾಕ್ಸಿಯಲ್ಲಿ ಎರಡು ಬಗೆ. ಕೈ ತೋರಿಸಿ ಹತ್ತಬಹುದಾದದ್ದು ಲೈಸೆನ್ಸ್ ಪಡೆದ ಹ್ಯಾಕ್ನಿ ಟ್ಯಾಕ್ಸಿ ಮಾತ್ರ. ಪ್ರೈವೇಟ್ ಹೈರ್ ಕಾರನ್ನು ಮೊದಲೇ ಬುಕ್ ಮಾಡಿರಬೇಕು. ಬುಕ್ ಮಾಡದೆ ಹತ್ತಿದರೆ ಆ ಪ್ರಯಾಣಕ್ಕೆ ವಿಮೆಯೇ ಇರದ ಸಾಧ್ಯತೆ ಹೆಚ್ಚು.

ಏವನ್ ನದಿ ಶಾಂತವಾಗಿ ಕಾಣುತ್ತೆ, ಮಕ್ಕಳನ್ನ ಇಳಿಸ್ಬಹುದಾ?

ಬೇಡ. ಹಂಸಗಳಿಗೆ ಕಾಳು ಹಾಕಿ ದಂಡೆಯಲ್ಲೇ ನಿಲ್ಲಿ. ಬಿಸಿಲಿದ್ದರೂ ನೀರು ಕೊರೆಯುತ್ತದೆ. ತಣ್ಣೀರಿಗೆ ಬಿದ್ದವರು ಮೊದಲ ಗಳಿಗೆಯಲ್ಲಿ ಏದುಸಿರು ಬಂದು ನೀರು ಕುಡಿಯುತ್ತಾರೆ. ಕಾವೇರಿಯಲ್ಲಿ ಈಜಿದವರಿಗೂ ಹೀಗೆ ಆಗುತ್ತದೆ. ಯಾರಾದರೂ ಬಿದ್ದರೆ ನೀವು ಹಾರಬೇಡಿ. 999ಕ್ಕೆ ಕರೆ ಮಾಡಿ, ಅಂಗಾತ ತೇಲಲು ಕೂಗಿ ಹೇಳಿ, ದಂಡೆಯ ಮೇಲಿಂದ ಹಗ್ಗ ಅಥವಾ ತೇಲುವ ವಸ್ತು ಎಸೆಯಿರಿ. ಚಳಿಗಾಲದಲ್ಲಿ ನದಿ ಉಕ್ಕಿ ದಂಡೆಯ ಹುಲ್ಲುಗಾವಲಿನ ಮೇಲೆ ಬರುತ್ತದೆ. ಆಗ ನೆಲ ಎಲ್ಲಿ ಮುಗಿದು ನದಿ ಎಲ್ಲಿ ಶುರು ಎಂದು ಗೊತ್ತಾಗುವುದಿಲ್ಲ.

ಯಾವ ನಂಬರಿಗೆ ಯಾವಾಗ ಫೋನ್ ಮಾಡೋದು?

ಈಗ ನಡೆಯುತ್ತಿದೆ, ಜೀವಕ್ಕೆ ಅಪಾಯ, ಕಳ್ಳ ಇನ್ನೂ ಮನೆಯಲ್ಲಿದ್ದಾನೆ: 999. ಮುಗಿದುಹೋದ ಘಟನೆ: 101, ಅಥವಾ ವಾರಿಕ್‌ಶೈರ್ ಪೊಲೀಸರ ಆನ್‌ಲೈನ್ ಫಾರ್ಮ್. ಎರಡೂ ಕರೆ ಉಚಿತ. 101ರಲ್ಲಿ ಕಾಯಬೇಕಾಗಬಹುದು, ಸಣ್ಣ ದೂರಿಗೆ ಫಾರ್ಮ್ ಸುಲಭ. ರೈಲು ಅಥವಾ ನಿಲ್ದಾಣದಲ್ಲಿ ಆದದ್ದಕ್ಕೆ ಬೇರೆಯೇ ದಳವಿದೆ, ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಪೊಲೀಸ್. 61016ಕ್ಕೆ ಮೆಸೇಜ್ ಕಳಿಸಿದರೆ ಸಾಕು.

ಮಾತಾಡಲು ಆಗದ ಸ್ಥಿತಿಯಲ್ಲಿ ಮೊಬೈಲ್‌ನಿಂದ 999 ಒತ್ತಿ, ಕೆಮ್ಮಿ ಅಥವಾ ಫೋನಿನ ಮೇಲೆ ತಟ್ಟಿ, ಸೂಚನೆ ಬಂದಾಗ 55 ಒತ್ತಿ. ಕರೆ ಪೊಲೀಸರಿಗೆ ಹೋಗುತ್ತದೆ. 55 ಒತ್ತಿದ ಮಾತ್ರಕ್ಕೆ ನೀವಿರುವ ಜಾಗ ತಿಳಿಯುವುದಿಲ್ಲ, ಹೌದು-ಇಲ್ಲ ಉತ್ತರಕ್ಕೆ ಕೆಮ್ಮು, ತಟ್ಟುವುದು ಮುಂದುವರಿಸಬೇಕು. ಲ್ಯಾಂಡ್‌ಲೈನ್‌ನಲ್ಲಿ 55 ನಡೆಯದು. ಅಲ್ಲಿ ಸುಮ್ಮನೆ ಲೈನಿನಲ್ಲೇ ಇರಿ.

ಅಪ್ಪ-ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ "ಪೊಲೀಸ್" ಮತ್ತು "ಕನ್ನಡ" ಎಂಬ ಎರಡು ಪದ ಹೇಳಲು ಕಲಿಸಿ. ದುಭಾಷಿಯನ್ನು ಕೇಳಬಹುದು. "ಇಂಡಿಯನ್" ಎಂದರೆ ಹಿಂದಿಯವರು ಸಿಗಬಹುದು. ಮನೆಯ ಪೋಸ್ಟ್‌ಕೋಡ್ ಬರೆದು ಫ್ರಿಜ್ ಮೇಲೆ ಅಂಟಿಸಿಡಿ.

## ಅಂಕಿಗಳನ್ನು ಓದುವುದು

ಇಷ್ಟು ಚಿಕ್ಕ ಊರಲ್ಲಿ ಕ್ರೈಮ್ ರೇಟ್ ಯಾಕೆ ಇಷ್ಟು ಜಾಸ್ತಿ ತೋರಿಸುತ್ತೆ?

ಭಿನ್ನರಾಶಿಯ ಕೆಳಗಿನ ಅಂಕಿಯ ಆಟ ಇದು. ದರ ಎಂದರೆ ದಾಖಲಾದ ಅಪರಾಧಗಳನ್ನು ಅಲ್ಲಿ ವಾಸಿಸುವವರ ಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸುವುದು. ಪ್ರವಾಸಿಗರು ಅಪರಾಧದ ಲೆಕ್ಕಕ್ಕೆ ಸೇರುತ್ತಾರೆ, ಜನಸಂಖ್ಯೆಯ ಲೆಕ್ಕಕ್ಕೆ ಸೇರುವುದಿಲ್ಲ. ವರ್ಷಕ್ಕೆ ಲಕ್ಷಾಂತರ ಜನ ಬಂದುಹೋಗುವ ಊರಿಗೆ ಇದು ದೊಡ್ಡ ಏಟು.

ಲೆಕ್ಕ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ ನೋಡಿ. 30,000 ಜನರ ಊರಲ್ಲಿ ವರ್ಷಕ್ಕೆ 2,400 ಅಪರಾಧ ಎಂದರೆ ಸಾವಿರಕ್ಕೆ 80. ದಿನಕ್ಕೆ ಸರಾಸರಿ 10,000 ಪ್ರವಾಸಿಗರನ್ನೂ ಸೇರಿಸಿದರೆ ಅದೇ ಊರು 60ಕ್ಕೆ ಇಳಿಯುತ್ತದೆ. ಈಗ ಪೇಟೆ ನಡುವಿನ ತುಣುಕನ್ನಷ್ಟೇ ತೆಗೆದುಕೊಳ್ಳಿ. ಅಂಗಡಿ, ಪಬ್, ಕಾರ್ ಪಾರ್ಕ್ ಎಲ್ಲ ಅಲ್ಲೇ, ವಾಸ ಮಾತ್ರ 1,600 ಜನ. 640 ಅಪರಾಧ ಅಲ್ಲಿ ದಾಖಲಾದರೆ ದರ 400! "ಕೌಂಟಿಯ ಅತಿ ಅಪಾಯದ ಬಡಾವಣೆ" ಎಂಬ ತಲೆಬರಹ ಹುಟ್ಟುವುದು ಹೀಗೆ. ಮನೆ ಮಾರಾಟದ ಸೈಟುಗಳು ತೋರಿಸುವ ಬಣ್ಣದ ಪಟ್ಟಿಗಳು ಬಹುತೇಕ ಇದೇ ಭಾಗಾಕಾರ, ಅವನ್ನು ನೋಡಿ ಬೆಚ್ಚಬೇಕಿಲ್ಲ.

ವಂಚನೆ ಬಿಟ್ಟು ಇಂಗ್ಲೆಂಡ್-ವೇಲ್ಸ್‌ನ ಒಟ್ಟಾರೆ ದರ ಈಚಿನ ವರ್ಷಗಳಲ್ಲಿ ಸಾವಿರಕ್ಕೆ 80ರಿಂದ 90ರ ಆಸುಪಾಸು. ಯಾವುದೇ ಊರಿನ ದರ ಎದುರಾದಾಗ ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ.

ಮ್ಯಾಪ್‌ನಲ್ಲಿ ನಾವು ನೋಡಿರೋ ಮನೆ ಎದುರಿಗೇ ಮೂರು ಕಳ್ಳತನ ಇದೆ. ಬಿಡೋದಾ?

ಆ ಚುಕ್ಕೆ ಘಟನೆ ನಡೆದ ಜಾಗವಲ್ಲ. ಪೊಲೀಸ್ ಡಾಟ್ ಯುಕೆ ನಕ್ಷೆಯಲ್ಲಿ ಸಂತ್ರಸ್ತರ ಗುರುತು ಸಿಗದಿರಲೆಂದು ಪ್ರತಿ ಘಟನೆಯನ್ನೂ ಮೊದಲೇ ಗೊತ್ತುಮಾಡಿದ ಹತ್ತಿರದ ಬಿಂದುವಿಗೆ ಎಳೆದು ಕೂರಿಸುತ್ತಾರೆ. ಒಂದು ಬಿಂದುವಿನ ವ್ಯಾಪ್ತಿಯಲ್ಲಿ ಕನಿಷ್ಠ 8 ವಿಳಾಸಗಳಿರುತ್ತವೆ, ಇಲ್ಲವೇ ಒಂದೂ ಇರುವುದಿಲ್ಲ. "ಆನ್ ಆರ್ ನಿಯರ್" ಎಂದು ಬರೆದಿರುವುದು ಅದಕ್ಕೇ. ಹಿಂದಿನ ಬೀದಿಯ ಕಳವು ನಿಮ್ಮ ಬಾಗಿಲಲ್ಲಿ ಕಾಣಬಹುದು, ನಿಮ್ಮ ಬೀದಿಯದು ಮುಂದಿನ ತಿರುವಿನಲ್ಲಿ ಕಾಣಬಹುದು.

ನಕ್ಷೆಯಲ್ಲಿ ಒಟ್ಟು 14 ಬಗೆಗಳಿವೆ. ಅದರಲ್ಲಿ "ಆಂಟಿ ಸೋಷಿಯಲ್ ಬಿಹೇವಿಯರ್" ಎಂಬುದು ಅಪರಾಧವೇ ಅಲ್ಲ. ಜೋರು ಸಂಗೀತ, ಹುಡುಗರ ಗುಂಪು, ಪಟಾಕಿ ಬಗ್ಗೆ ಬಂದ ಕರೆಗಳವು. ಅಪರಾಧದ ಮೊತ್ತ ಬೇಕಿದ್ದರೆ ಅದನ್ನು ಕಳೆಯಿರಿ. ಇನ್ನೊಂದು ಕಡೆ, ವಂಚನೆ ನಕ್ಷೆಯಲ್ಲಿ ಇರುವುದೇ ಇಲ್ಲ.

ಅರ್ಧದಷ್ಟು "ವಯಲೆನ್ಸ್" ಅಂತ ಇದೆಯಲ್ಲ, ಅಷ್ಟೊಂದು ಹೊಡೆದಾಟವಾ?

ಆ ಪೆಟ್ಟಿಗೆಯಲ್ಲಿ ಹೊಡೆದಾಟ ಒಂದು ಭಾಗ ಮಾತ್ರ. ಗಾಯವಾಗದ ತಳ್ಳಾಟ, ಬೆದರಿಕೆ ಮೆಸೇಜು, ಹಿಂಬಾಲಿಸಿ ಪೀಡಿಸುವುದು, ಮನೆಯೊಳಗಿನ ಹಿಂಸೆ, ಲೈಂಗಿಕ ಅಪರಾಧ ಎಲ್ಲವನ್ನೂ ಅದರಲ್ಲೇ ತುಂಬಿಸಿದ್ದಾರೆ. ಮಾಜಿ ಗಂಡ ಕಳಿಸಿದ ಕೊಳಕು ಮೆಸೇಜೂ ಅಲ್ಲಿ ಒಂದು ಚುಕ್ಕೆ. ಬೀದಿಯ ಸುರಕ್ಷತೆ ತಿಳಿಯಬೇಕಿದ್ದರೆ ಅದನ್ನು ಬದಿಗಿಟ್ಟು "ರಾಬರಿ", "ಥೆಫ್ಟ್ ಫ್ರಂ ದ ಪರ್ಸನ್", "ಪೊಸೆಷನ್ ಆಫ್ ವೆಪನ್ಸ್" ಎಂಬ ಮೂರು ಬಗೆ ನೋಡಿ. ಮನೆ ಕೊಳ್ಳುವವರು "ಬರ್ಗ್ಲರಿ" ಮತ್ತು "ವೆಹಿಕಲ್ ಕ್ರೈಮ್" ನೋಡಿ.

ಬೆಂಗಳೂರಿಗಿಂತ ಇಲ್ಲೇ ಕ್ರೈಮ್ ಜಾಸ್ತಿ ಅಂತ ಅಂಕಿ ಹೇಳುತ್ತೆ. ನಂಬೋದಾ?

ಮೊದಲು ಸೊನ್ನೆ ಎಣಿಸಿ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ (ಎನ್‌ಸಿಆರ್‌ಬಿ) ದರ ಕೊಡುವುದು ಲಕ್ಷ ಜನಕ್ಕೆ, ಇಲ್ಲಿನವರು ಕೊಡುವುದು ಸಾವಿರ ಜನಕ್ಕೆ. 2022ರಲ್ಲಿ ಭಾರತದ ದರ ಲಕ್ಷಕ್ಕೆ 422.2, ಅಂದರೆ ಸಾವಿರಕ್ಕೆ 4.2. ಇಂಗ್ಲೆಂಡಿನ 80ರ ಪಕ್ಕ ಅದನ್ನಿಟ್ಟರೆ ಭಾರತ ಇಪ್ಪತ್ತು ಪಟ್ಟು ಸುರಕ್ಷಿತ ಎಂದಾಗುತ್ತದೆ. ಸೈಕಲ್ ಕಳೆದವರಲ್ಲಿ ಎಷ್ಟು ಜನ ನಮ್ಮ ಕಡೆ ಠಾಣೆ ಮೆಟ್ಟಿಲು ಹತ್ತುತ್ತಾರೆ ಎಂದು ಬಲ್ಲವರು ಇದನ್ನು ಒಪ್ಪುವುದಿಲ್ಲ. ಎಣಿಕೆಯ ನಿಯಮವೂ ಬೇರೆ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಎನ್‌ಸಿಆರ್‌ಬಿ ಎಲ್ಲಕ್ಕಿಂತ ಗಂಭೀರವಾದ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಇಲ್ಲಿ ಮನೆಯಿಂದಲೇ ಫಾರ್ಮ್ ತುಂಬಿದರೂ ಎಣಿಕೆಗೆ ಬಂತು.

ಹೋಲಿಸಲೇಬೇಕಿದ್ದರೆ ಮುಚ್ಚಿಡಲು ಕಷ್ಟವಾದ ಅಪರಾಧ ತೆಗೆದುಕೊಳ್ಳಿ: ಕೊಲೆ. 2022ರಲ್ಲಿ ಭಾರತದಲ್ಲಿ ಲಕ್ಷಕ್ಕೆ 2.1. ಇಂಗ್ಲೆಂಡ್-ವೇಲ್ಸ್‌ನಲ್ಲಿ ಲಕ್ಷಕ್ಕೆ ಸುಮಾರು 1.

ಪೊಲೀಸ್ ದಾಖಲೆ ಪೂರ್ತಿ ಚಿತ್ರವಲ್ಲ ಎಂಬುದು ಇಲ್ಲಿನವರಿಗೂ ಗೊತ್ತು. ದಾಖಲಿಸುವಲ್ಲಿ ಲೋಪ ಕಂಡು 2014ರಲ್ಲಿ ಅದರ "ರಾಷ್ಟ್ರೀಯ ಅಂಕಿಅಂಶ" ಎಂಬ ಮುದ್ರೆಯನ್ನೇ ಹಿಂತೆಗೆದುಕೊಂಡರು. ದೇಶದ ಏರಿಳಿತ ತಿಳಿಯಲು ಮನೆಮನೆಯ ಸಮೀಕ್ಷೆಯನ್ನು ಹೆಚ್ಚು ನಂಬುತ್ತಾರೆ. ಆದರೆ ಆ ಸಮೀಕ್ಷೆ ಒಂದು ಪೇಟೆಯ ಮಟ್ಟಕ್ಕೆ ಇಳಿಯುವುದಿಲ್ಲ.

ಮನೆ ಬಾಡಿಗೆಗೆ ತಗೊಳ್ಳೋ ಮುಂಚೆ ಏರಿಯಾ ಹೇಗೆ ನೋಡೋದು?

ಅರ್ಧ ಗಂಟೆಯ ಕೆಲಸ. ನಕ್ಷೆಯಲ್ಲಿ ಪೂರ್ತಿ ಪೋಸ್ಟ್‌ಕೋಡ್ ಹಾಕಿ. ಒಂದು ತಿಂಗಳಲ್ಲ, ಹಿಂದಿನ 12 ತಿಂಗಳನ್ನೂ ಒಂದೊಂದಾಗಿ ತೆರೆದು ಬರ್ಗ್ಲರಿ, ವೆಹಿಕಲ್ ಕ್ರೈಮ್ ಬರೆದುಕೊಳ್ಳಿ. ಸಣ್ಣ ಬೀದಿಯಲ್ಲಿ ತಿಂಗಳಿಗೆ ಸೊನ್ನೆಯಿಂದ ಎರಡಕ್ಕೆ ಹೋದರೆ ಅದು ಏರಿಕೆಯಲ್ಲ, ಆಕಸ್ಮಿಕ. ಮಾಹಿತಿ ಒಂದೆರಡು ತಿಂಗಳು ಹಿಂದಿರುತ್ತದೆ, ಕಳೆದ ವಾರದ್ದು ಹುಡುಕಬೇಡಿ. ಚುಕ್ಕೆಗಳು ಒಂದೆಡೆ ಗುಡ್ಡೆ ಬಿದ್ದಿದ್ದರೆ ಅಲ್ಲಿ ಸೂಪರ್‌ಮಾರ್ಕೆಟ್, ಪಬ್ ಅಥವಾ ಕಾರ್ ಪಾರ್ಕ್ ಇದೆಯೇ ನೋಡಿ. ಹೋಲಿಕೆಗೆ ಅಷ್ಟೇ ಮನೆಗಳಿರುವ ಇನ್ನೊಂದು ವಸತಿ ಬೀದಿ ತೆಗೆದುಕೊಳ್ಳಿ, ಪೇಟೆ ಬೀದಿ ಬೇಡ. ಆಮೇಲೆ ಶನಿವಾರ ರಾತ್ರಿ 10ಕ್ಕೆ ಒಮ್ಮೆ, ಶಾಲೆ ಬಿಡುವ ಹೊತ್ತಿಗೆ ಒಮ್ಮೆ ಆ ಬೀದಿಯಲ್ಲಿ ನಡೆದು ಬನ್ನಿ. ಇದೇ ನಡಿಗೆಯಲ್ಲಿ ಕಾರು ನಿಲ್ಲಿಸುವ ಜಾಗ ಮನೆಯ ಕಿಟಕಿಗೆ ಕಾಣುತ್ತದೆಯೇ ಎಂದೂ ನೋಡಿಕೊಳ್ಳಿ. ಏವನ್ ದಂಡೆ ಹತ್ತಿರವಾದರೆ ಸರ್ಕಾರದ ಪ್ರವಾಹ ನಕ್ಷೆಯನ್ನೂ ತೆರೆಯಿರಿ.

## ಮನೆ, ಚಿನ್ನ, ಕಾರು, ಫೋನು

ಮದುವೆ ಒಡವೆ ಮನೆಯಲ್ಲೇ ಇದೆ. ಏನು ಮಾಡೋದು?

ದಕ್ಷಿಣ ಏಷ್ಯಾದವರ ಮನೆಗಳಲ್ಲಿ 22 ಕ್ಯಾರೆಟ್ ಚಿನ್ನ ಇರುತ್ತದೆಂದು ಕಳ್ಳರಿಗೆ ಚೆನ್ನಾಗಿ ಗೊತ್ತು. ದೀಪಾವಳಿ ಹೊತ್ತಿಗೆ ಬೇರೆ ಬೇರೆ ಊರಿನ ಪೊಲೀಸರು ಈ ಬಗ್ಗೆ ಎಚ್ಚರಿಸುತ್ತಾರೆ. ಅಕ್ಕಿ ಡಬ್ಬ, ದೇವರ ಮಂಟಪದ ಡ್ರಾಯರ್, ಸೀರೆ ಮಡಿಕೆ, ಫ್ರೀಜರ್: ನಿಮಗೆ ಹೊಳೆದ ಜಾಗಗಳೆಲ್ಲ ಅವರಿಗೂ ಹೊಳೆದಿರುತ್ತವೆ.

ಇಲ್ಲಿನ ಬಹುತೇಕ ಬ್ಯಾಂಕುಗಳು ಲಾಕರ್ ಕೊಡುವುದನ್ನು ನಿಲ್ಲಿಸಿವೆ. ಬರ್ಮಿಂಗ್ಹ್ಯಾಮ್‌ನಂಥ ನಗರಗಳಲ್ಲಿ ಖಾಸಗಿ ಸೇಫ್ ಡಿಪಾಸಿಟ್ ಇದೆ. ವರ್ಷಕ್ಕೆರಡು ಸಲ ತೊಡುವ ಒಡವೆಗೆ ಅದೇ ಸರಿ. ಮನೆಯಲ್ಲಿ ತಿಜೋರಿ ಇಡುವುದಾದರೆ ಎರಡು ವಿಷಯ. ಒಂದು, ತಿಜೋರಿಯ ದರ್ಜೆ ನಗದಿನಲ್ಲಿ ಹೇಳಿರುತ್ತಾರೆ, ಒಡವೆಗೆ ಸಾಮಾನ್ಯವಾಗಿ ಅದರ ಹತ್ತು ಪಟ್ಟು. 4,000 ಪೌಂಡ್ ದರ್ಜೆಯದ್ದು 40,000 ಪೌಂಡ್ ಒಡವೆಗೆ ಆಗುತ್ತದೆ. ಎರಡು, ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಹಾಕಿರಲೇಬೇಕು. ಹಾಕದಿದ್ದರೆ ಕಳ್ಳನಿಗೆ ಒಡವೆಯನ್ನು ಪೆಟ್ಟಿಗೆ ಸಮೇತ ಕೊಟ್ಟಂತೆ. ಬಾಡಿಗೆ ಮನೆಯಲ್ಲಿ ನೆಲ ಕೊರೆಯಲು ಮಾಲೀಕರ ಒಪ್ಪಿಗೆ ಬೇಕು.

ಹೆಚ್ಚಿನವರು ಎಡವುವುದು ವಿಮೆಯಲ್ಲಿ. ಮನೆ ವಿಮೆಯಲ್ಲಿ "ಸಿಂಗಲ್ ಆರ್ಟಿಕಲ್ ಲಿಮಿಟ್" ಎಂದಿರುತ್ತದೆ, ಸಾಮಾನ್ಯವಾಗಿ 1,500 ಅಥವಾ 2,000 ಪೌಂಡ್. ಅದಕ್ಕಿಂತ ಬೆಲೆಬಾಳುವ ಪ್ರತಿ ಒಡವೆಯನ್ನೂ ಹೆಸರಿಸದಿದ್ದರೆ ಮಿತಿಯಷ್ಟೇ ಹಣ ಸಿಗುತ್ತದೆ. ಒಡವೆಯೊಂದೊಂದನ್ನೂ ಅಳತೆಪಟ್ಟಿಯ ಪಕ್ಕ ಇಟ್ಟು ಫೋಟೊ ತೆಗೆಯಿರಿ, ತೂಕ ಬರೆಯಿರಿ, ಅಂಗಡಿ ರಸೀದಿ ಸ್ಕ್ಯಾನ್ ಮಾಡಿ. ಚಿನ್ನದ ಬೆಲೆ ಏರುತ್ತಿರುವುದರಿಂದ ಹಳೆಯ ಮೌಲ್ಯಮಾಪನ ಉಪಯೋಗಕ್ಕೆ ಬರುವುದಿಲ್ಲ. ಸೀಮಂತದ ಫೋಟೊಗಳನ್ನು ಊರಿನ ಹೆಸರು ಸಮೇತ ಎಲ್ಲರಿಗೂ ಕಾಣುವಂತೆ ಹಾಕುವ ಮುಂಚೆ ಒಮ್ಮೆ ಯೋಚಿಸಿ.

ಬಾಗಿಲು ಹಾಕಿದ್ರೆ ತಾನೇ ಲಾಕ್ ಆಗುತ್ತಲ್ಲ?

ಆಗುವುದಿಲ್ಲ. ಬಿಳಿ ಪ್ಲಾಸ್ಟಿಕ್ ಚೌಕಟ್ಟಿನ ಬಾಗಿಲುಗಳಲ್ಲಿ ಎಳೆದು ಮುಚ್ಚಿದರೆ ಚಿಲಕದ ನಾಲಗೆ ಒಂದೇ ಕೂರುತ್ತದೆ. ಹಿಡಿಯನ್ನು ಮೇಲಕ್ಕೆತ್ತಿ ಕೀ ತಿರುಗಿಸಿದಾಗ ಮಾತ್ರ ಮೇಲೆ, ಕೆಳಗೆ, ನಡುವೆ ಕೊಕ್ಕೆಗಳು ಬೀಳುತ್ತವೆ. ಮಲಗುವ ಮುಂಚೆಯೂ ಇದನ್ನು ಮಾಡಬೇಕು.

ಕೀ ತೂರುವ ಸಿಲಿಂಡರ್ ನೋಡಿ. ಹಿಡಿಯ ತಟ್ಟೆಯಿಂದ 3 ಮಿಲಿಮೀಟರ್‌ಗಿಂತ ಹೆಚ್ಚು ಹೊರಚಾಚಿದ್ದರೆ ಇಕ್ಕಳದಲ್ಲಿ ಹಿಡಿದು ಮುರಿಯಬಹುದು, ಕ್ಷಣಗಳ ಕೆಲಸ. ಟಿಎಸ್ 007 ಮೂರು ನಕ್ಷತ್ರದ ಅಥವಾ ಎಸ್ಎಸ್ 312 ಡೈಮಂಡ್ ಗುರುತಿನ ಸಿಲಿಂಡರ್‌ಗೆ ಬದಲಿಸಿ. ಒಂದೇ ಸ್ಕ್ರೂ ಬಿಚ್ಚಿ ಹಾಕುವಂಥದ್ದು, ಆದರೆ ನಡುವಿನ ಸ್ಕ್ರೂವಿನಿಂದ ಒಳಗೆ, ಹೊರಗೆ ಎಷ್ಟು ಉದ್ದವೆಂದು ಬೇರೆ ಬೇರೆಯಾಗಿ ಅಳೆಯಬೇಕು. ಮರದ ಬಾಗಿಲಿಗೆ ವಿಮೆಯವರು ಸಾಮಾನ್ಯವಾಗಿ ಕೇಳುವುದು ಬಿಎಸ್ 3621 ಗುರುತಿನ ಐದು ಲಿವರ್ ಬೀಗ.

ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಕತ್ತಲು. ಆಫೀಸಿನಿಂದ ಆರಕ್ಕೆ ಬರುವವರ ಮನೆ ಎರಡು ಗಂಟೆ ಕಪ್ಪಗೆ ನಿಂತಿರುತ್ತದೆ. ಒಂದು ದೀಪಕ್ಕೆ ಟೈಮರ್ ಹಾಕಿ 3:30ಕ್ಕೆ ಉರಿಯುವಂತೆ ಇಡಿ.

ಜೆಎಲ್‌ಆರ್‌ನಲ್ಲೇ ಕೆಲಸ, ರೇಂಜ್ ರೋವರ್ ತಗೊಂಡಿದೀನಿ. ಕದೀತಾರೆ ಅಂತಾರೆ, ನಿಜವಾ?

ಕೀಲೆಸ್ ಕಾರುಗಳಿಗೆಲ್ಲ, ಅಂದರೆ ಕೀ ಹತ್ತಿರವಿದ್ದರೆ ತಾನೇ ತೆರೆದುಕೊಳ್ಳುವ ಕಾರುಗಳಿಗೆ, ಇರುವ ಅಪಾಯ ಇದು, ಬೆಲೆಬಾಳುವ ಎಸ್‌ಯುವಿಗಳಿಗೆ ಸ್ವಲ್ಪ ಹೆಚ್ಚು. ಕಾರು ತಯಾರಾಗುವ ಸೀಮೆಯಲ್ಲಿದ್ದರೆ ವಿನಾಯಿತಿ ಏನಿಲ್ಲ. ಎಂ40 ಹೆದ್ದಾರಿ ಹತ್ತಿರದಲ್ಲೇ ಇದೆ, ಕಾರು ಊರು ದಾಟಲು ಹೊತ್ತು ಬೇಕಿಲ್ಲ. ಇಬ್ಬರು ಬರುತ್ತಾರೆ. ಒಬ್ಬ ಮನೆ ಬಾಗಿಲ ಬಳಿ ಆಂಟೆನಾ ಹಿಡಿದು ಕೀಯ ಸಿಗ್ನಲ್ ಹಿಡಿಯುತ್ತಾನೆ, ಇನ್ನೊಬ್ಬ ಕಾರಿನ ಬಳಿ ಅದನ್ನು ಬಿಡುತ್ತಾನೆ. ಕೀ ಜೊತೆಗೇ ಇದೆ ಎಂದು ನಂಬಿ ಕಾರು ತೆರೆದುಕೊಳ್ಳುತ್ತದೆ.

ಕೀಯನ್ನು ಸಿಗ್ನಲ್ ತಡೆಯುವ ಫ್ಯಾರಡೆ ಚೀಲದಲ್ಲಿಡಿ. ಸ್ಪೇರ್ ಕೀಯನ್ನೂ ಇಡಿ, ಎಲ್ಲರೂ ಮರೆಯುವುದು ಅದನ್ನೇ. ಚೀಲದ ಒಳಪದರ ಮಡಿಸಿ ಮಡಿಸಿ ಸವೆಯುತ್ತದೆ. ಎರಡು ತಿಂಗಳಿಗೊಮ್ಮೆ ಕೀಯನ್ನು ಚೀಲದಲ್ಲಿಟ್ಟು ಕಾರಿನ ಬಾಗಿಲ ಹಿಡಿ ಎಳೆಯಿರಿ, ತೆರೆದರೆ ಚೀಲ ಎಸೆಯಿರಿ. ಹಳದಿ ಸ್ಟೀರಿಂಗ್ ಲಾಕ್ ನೋಡಲು ಚೆಂದವಿಲ್ಲ, ಆದರೆ ದೂರದಿಂದಲೇ ಕಾಣುತ್ತದೆ. ಅದರ ಗುಣವೇ ಅದು. ಹಳೆಯ ಮಾದರಿಯಾದರೆ ಭದ್ರತಾ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆಯೇ ಎಂದು ಡೀಲರ್ ಬಳಿ ಕೇಳಿ.

ಚಳಿಗಾಲದ ಬೆಳಿಗ್ಗೆ ಗಾಜಿನ ಮಂಜು ಕರಗಲೆಂದು ಎಂಜಿನ್ ಓಡಿಸಿಟ್ಟು ಒಳಗೆ ಕಾಫಿ ಕುಡಿಯಲು ಹೋಗಬೇಡಿ. ಕಾರು ಹೋದರೆ ಕೀ ಬಿಟ್ಟುಹೋದಿರೆಂದು ವಿಮೆ ಕಂಪನಿ ಹಣ ಕೊಡದಿರಬಹುದು.

ವೀಸಾ ರದ್ದಾಗುತ್ತೆ ಅಂತ ಫೋನ್ ಬಂತು, ದುಡ್ಡು ಕಳಿಸ್ಬಿಟ್ಟೆ. ಈಗ?

ಹೋಮ್ ಆಫೀಸ್ ಫೋನಿನಲ್ಲಿ ದಂಡ ವಸೂಲು ಮಾಡುವುದಿಲ್ಲ. ಪರದೆಯ ಮೇಲೆ ಕಾಣುವ ನಂಬರ್ ನಕಲಿ ಇರಬಹುದು. ಈ ಕ್ಷಣ 159ಕ್ಕೆ ಕರೆ ಮಾಡಿ, ಅದು ನಿಮ್ಮ ಬ್ಯಾಂಕಿಗೆ ಜೋಡಿಸುತ್ತದೆ. ನಂತರ ರಿಪೋರ್ಟ್ ಫ್ರಾಡ್‌ಗೆ, ಅಂದರೆ ಮೊದಲಿನ ಆಕ್ಷನ್ ಫ್ರಾಡ್‌ಗೆ, 0300 123 2040ರಲ್ಲಿ ತಿಳಿಸಿ. ಮೋಸದ ಎಸ್ಎಂಎಸ್ ಅನ್ನು 7726ಕ್ಕೆ ಫಾರ್ವರ್ಡ್ ಮಾಡಿ.

2024ರ ಅಕ್ಟೋಬರ್ 7ರಿಂದ, ಮೋಸಕ್ಕೆ ಬಿದ್ದು ನೀವೇ ಕಳಿಸಿದ ಹಣವನ್ನೂ ಬ್ಯಾಂಕು ಮರಳಿಸಬೇಕೆಂಬ ನಿಯಮವಿದೆ. ಗರಿಷ್ಠ 85,000 ಪೌಂಡ್, ಸಾಮಾನ್ಯವಾಗಿ 5 ಕೆಲಸದ ದಿನಗಳಲ್ಲಿ. ಬ್ಯಾಂಕು 100 ಪೌಂಡ್‌ವರೆಗೆ ಹಿಡಿದುಕೊಳ್ಳಬಹುದು. ಕೊನೆಯ ಪಾವತಿಯಿಂದ 13 ತಿಂಗಳೊಳಗೆ ಕೇಳಬೇಕು. ಇದು ಬ್ರಿಟನ್ನಿನ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದ ಹಣಕ್ಕೆ ಮಾತ್ರ. ಭಾರತದ ಖಾತೆಗೆ ಅಥವಾ ಕ್ರಿಪ್ಟೊ ಆಗಿ ಕಳಿಸಿದ್ದಕ್ಕೆ ಅನ್ವಯಿಸದು. ವಂಚಕರು ಗಿಫ್ಟ್ ಕಾರ್ಡ್, ಕ್ರಿಪ್ಟೊ ಎಂದು ಒತ್ತಾಯಿಸುವುದು ಸುಮ್ಮನಲ್ಲ.

ಮಕ್ಕಳನ್ನ ಮನೆಯಲ್ಲಿ ಒಬ್ಬರೇ ಬಿಡೋದಕ್ಕೆ ವಯಸ್ಸಿನ ಮಿತಿ ಇದೆಯಾ?

ಕಾನೂನಿನಲ್ಲಿ ವಯಸ್ಸು ಹೇಳಿಲ್ಲ. ಆದರೆ ಅಪಾಯವಾಗುವಂತೆ ಬಿಟ್ಟುಹೋಗುವುದು ಅಪರಾಧ. 12ಕ್ಕಿಂತ ಚಿಕ್ಕವರನ್ನು ಹೆಚ್ಚು ಹೊತ್ತು ಬಿಡಬೇಡಿ ಎಂಬುದು ಮಕ್ಕಳ ರಕ್ಷಣಾ ಸಂಸ್ಥೆ ಎನ್ಎಸ್‌ಪಿಸಿಸಿಯ ಸಲಹೆ. ಪಕ್ಕದ ಮನೆಯವರಿಗೆ ಹೇಳಿಹೋಗುವ ನಮ್ಮ ರೂಢಿ ಒಳ್ಳೆಯದು, ಅವರು ಒಪ್ಪಿದ್ದರೆ.

## ಕಾನೂನು ಮತ್ತು ಪೊಲೀಸರು

ಬೆಂಗಳೂರಿಂದ ಪೆಪ್ಪರ್ ಸ್ಪ್ರೇ ತರ್ತೀನಿ, ಬ್ಯಾಗಲ್ಲಿ ಇರ್ಲಿ ಅಂತ.

ತರಬೇಡಿ. ಇಲ್ಲಿ ಅದು 1968ರ ಫೈರ್‌ಆರ್ಮ್ಸ್ ಕಾಯ್ದೆಯಡಿ ನಿಷೇಧಿತ ಆಯುಧ. ಇಟ್ಟುಕೊಂಡಿದ್ದಕ್ಕೇ ಬಂಧಿಸಬಹುದು, ವೀಸಾಕ್ಕೂ ತೊಂದರೆ. ಬದಲಿಗೆ ಪಿನ್ ಎಳೆದರೆ ಚೀರುವ ಪರ್ಸನಲ್ ಅಲಾರಂ ಇಟ್ಟುಕೊಳ್ಳಿ, ಅದಕ್ಕೆ ಅಡ್ಡಿಯಿಲ್ಲ. ಆತ್ಮರಕ್ಷಣೆಗೆಂದು ಚಾಕು ಇಟ್ಟುಕೊಳ್ಳುವುದೂ ಅಪರಾಧ, ಗರಿಷ್ಠ 4 ವರ್ಷ ಜೈಲು. ಕಾರಣ ಕೊಡದೆ ಒಯ್ಯಬಹುದಾದದ್ದು ಅಲಗು 3 ಅಂಗುಲ ಮೀರದ, ಲಾಕ್ ಆಗದ ಮಡಿಸುವ ಚಾಕು ಮಾತ್ರ.

ಸಂಕ್ರಾಂತಿ ಊಟಕ್ಕೆ ಹಾಲ್‌ಗೆ ಈಳಿಗೆ ಮಣೆ ಒಯ್ಯಬಹುದಾ? ಕೊಡವರ ಮದುವೆಗೆ ಪೀಚೆಕತ್ತಿ?

ಈಳಿಗೆಗೆ ತಕ್ಕ ಕಾರಣವಿದೆ, ಅಡುಗೆ. ಬಟ್ಟೆಯಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟು ನೇರ ಹಾಲ್‌ಗೆ ಹೋಗಿ, ನೇರ ಮನೆಗೆ ಬನ್ನಿ. ವಾರವಿಡೀ ಡಿಕ್ಕಿಯಲ್ಲೇ ಬಿಟ್ಟರೆ ಆ ಕಾರಣ ಮುಗಿದುಹೋಗಿರುತ್ತದೆ. ಪೀಚೆಕತ್ತಿಗೆ ಇನ್ನೊಂದು ದಾರಿ: 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆ ಧಾರ್ಮಿಕ ಕಾರಣವನ್ನೂ ರಾಷ್ಟ್ರೀಯ ಉಡುಪಿನ ಭಾಗವಾಗಿರುವುದನ್ನೂ ಸಮರ್ಥನೆಯಾಗಿ ಒಪ್ಪುತ್ತದೆ. ಆದರೆ ತೋರಿಸಿಕೊಡುವ ಹೊಣೆ ನಿಮ್ಮದು. ಕುಪ್ಯ, ಚೇಲೆ ಸಮೇತ ಹಾಲ್‌ನಲ್ಲೇ ಕಟ್ಟಿಕೊಳ್ಳಿ. ಪೀಚೆಕತ್ತಿ ಸಿಕ್ಕಿಸಿಕೊಂಡು ಪೆಟ್ರೋಲ್ ಬಂಕಿಗೆ ಇಳಿಯಬೇಡಿ.

ಎಫ್‌ಐಆರ್ ಕಾಪಿ ಎಲ್ಲಿ ಸಿಗುತ್ತೆ?

ಎಫ್‌ಐಆರ್ ಎಂಬುದು ಇಲ್ಲಿಲ್ಲ. ದೂರು ಕೊಟ್ಟಮೇಲೆ ಸಿಗುವುದು ಕ್ರೈಮ್ ರೆಫರೆನ್ಸ್ ನಂಬರ್. ವಿಮೆಗೂ, ಕಳುವಾದ ಪಾಸ್‌ಪೋರ್ಟ್ ಬಗ್ಗೆ ಭಾರತೀಯ ದೂತಾವಾಸಕ್ಕೆ ಬರೆಯುವಾಗಲೂ ಅದೇ ಆಧಾರ. 101ರಲ್ಲಿ ಮೊದಲು ಕೊಡುವ "ಇನ್ಸಿಡೆಂಟ್ ನಂಬರ್" ಬೇರೆ. ಅದು ಕರೆ ಬಂದದ್ದಕ್ಕೆ ಗುರುತು ಮಾತ್ರ, ಕ್ರೈಮ್ ರೆಫರೆನ್ಸ್ ನಂಬರನ್ನೇ ಕೇಳಿ ಪಡೆಯಿರಿ. ಮನೆಗೆ ಕನ್ನ ಹಾಕಿದ್ದರೆ ಪೊಲೀಸರು ಬಂದು ನೋಡಬೇಕೆಂದು 2022ರಲ್ಲಿ ದೇಶದ ಎಲ್ಲ ದಳಗಳೂ ಒಪ್ಪಿವೆ. ಅವರು ಬರುವವರೆಗೆ ಒರೆಸಬೇಡಿ, ಗುಡಿಸಬೇಡಿ.

ಟೋಪಿಗೆ ನೀಲಿ ಪಟ್ಟಿ ಇರುವವರು ಪಿಸಿಎಸ್ಒಗಳು, ಅಂದರೆ ಪೊಲೀಸ್ ಕಮ್ಯುನಿಟಿ ಸಪೋರ್ಟ್ ಆಫೀಸರ್‌ಗಳು. ಪೂರ್ಣ ಪೊಲೀಸರಲ್ಲದಿದ್ದರೂ ಊರಿನ ಹುಳುಕು ಚೆನ್ನಾಗಿ ಬಲ್ಲವರು. ಯಾರಿಗೂ ಕಾಫಿ-ತಿಂಡಿಗೆ ಎಂದು ಕೈಬಿಸಿ ಮಾಡಲು ಹೋಗಬೇಡಿ. ಲಂಚ ಕೊಡಲು ಮುಂದಾಗುವುದೇ ಅಪರಾಧ.

ಇಂಡಿಯನ್ ಲೈಸೆನ್ಸ್‌ನಲ್ಲೇ ಗಾಡಿ ಓಡಿಸ್ತಿದೀನಿ. ಇದಕ್ಕೂ ಸೇಫ್ಟಿಗೂ ಏನು ಸಂಬಂಧ?

ಬಹಳ. ಬ್ರಿಟನ್ನಿನಲ್ಲಿ ರಸ್ತೆ ಸಾವುಗಳ ಬಹುಪಾಲು ನಡೆಯುವುದು ಹಳ್ಳಿ ರಸ್ತೆಗಳಲ್ಲಿ. ಸ್ಟ್ರಾಟ್‌ಫರ್ಡ್‌ನಿಂದ ಯಾವ ದಿಕ್ಕಿಗೆ ಹೊರಟರೂ ಅಂಥದ್ದೇ ದಾರಿ. ಬೇಲಿಗಳ ನಡುವಿನ ಕಿರಿದಾದ ತಿರುವಿನಲ್ಲಿ ಗಂಟೆಗೆ 60 ಮೈಲಿ ಎಂದಿದ್ದರೆ ಅದು ಗರಿಷ್ಠ ಮಿತಿ, ಆಹ್ವಾನವಲ್ಲ. ಜಿಂಕೆ, ಟ್ರ್ಯಾಕ್ಟರ್, ಕಣ್ಣಿಗೆ ಕಾಣದ ಕಪ್ಪು ಮಂಜುಗಡ್ಡೆ ಎಲ್ಲವೂ ಎದುರಾಗುತ್ತವೆ.

ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ನಡುವೆ ಊರಿಗೆ ಹೋಗಿಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎಂಬುದು ತಪ್ಪು ನಂಬಿಕೆ. 12 ತಿಂಗಳು ಮುಗಿದ ಮರುದಿನದಿಂದ ಲೈಸೆನ್ಸ್ ಇಲ್ಲ, ಅದರಿಂದಾಗಿ ವಿಮೆಯೂ ಇಲ್ಲದಂತಾಗುತ್ತದೆ. ವಿಮೆಯಿಲ್ಲದ್ದಕ್ಕೆ ಲೈಸೆನ್ಸ್ ಮೇಲೆ 6ರಿಂದ 8 ದಂಡದ ಪಾಯಿಂಟ್, ಕಾರು ಜಪ್ತಿ. ಪರೀಕ್ಷೆಯ ದಿನಾಂಕ ಸಿಗಲು ತಿಂಗಳುಗಟ್ಟಲೆ ಹಿಡಿಯಬಹುದು, ಬಂದ ವಾರದಲ್ಲೇ ಪ್ರಾವಿಷನಲ್ (ಕಲಿಯುವವರ) ಲೈಸೆನ್ಸ್‌ಗೆ ಅರ್ಜಿ ಹಾಕಿ.

## ಕಷ್ಟದ ಪ್ರಶ್ನೆಗಳು

ಶಾಲೆಯಿಂದ "ಕೌಂಟಿ ಲೈನ್ಸ್" ಬಗ್ಗೆ ಪತ್ರ ಬಂತು. ಏನದು?

ದೊಡ್ಡ ನಗರದ ಡ್ರಗ್ಸ್ ಗುಂಪು ಒಂದು ಮೊಬೈಲ್ ನಂಬರನ್ನೇ ಅಂಗಡಿಯಾಗಿ ಮಾಡಿಕೊಂಡು ಸಣ್ಣ ಪೇಟೆಗಳಿಗೆ ಮಾಲು ಕಳಿಸುವ ವ್ಯವಸ್ಥೆ. ಆ ಫೋನ್ ನಂಬರೇ "ಲೈನ್". ಸಾಗಿಸಲು 14, 15ರ ಹುಡುಗ ಹುಡುಗಿಯರನ್ನು ಬಳಸುತ್ತಾರೆ. ಒಂಟಿಯಾಗಿರುವ ದುರ್ಬಲರ ಮನೆ ಹೊಕ್ಕು ಅದನ್ನೇ ಅಡ್ಡೆ ಮಾಡಿಕೊಳ್ಳುವುದಕ್ಕೆ "ಕಕೂಯಿಂಗ್" ಎನ್ನುತ್ತಾರೆ, ಬೇರೆ ಹಕ್ಕಿಯ ಗೂಡಲ್ಲಿ ಮೊಟ್ಟೆಯಿಡುವ ಕೋಗಿಲೆಯಂತೆ.

ಮನೆಯಲ್ಲಿ ಗಮನಿಸಬೇಕಾದದ್ದು: ಎಲ್ಲಿಂದ ಬಂತೆಂದು ಹೇಳದ ಹೊಸ ಶೂ, ಎರಡನೇ ಫೋನು, ಹೇಳದೆ ಮಾಡಿದ ರೈಲು ಪ್ರಯಾಣ, ಶಾಲೆಗೆ ಚಕ್ಕರ್, "ಸಾಲ ಇದೆ" ಎಂಬ ಮಾತು. ಗುಂಪೇ ಸುಳ್ಳು ದರೋಡೆ ಮಾಡಿಸಿ, ಕಳೆದ ಮಾಲಿನ ಸಾಲವನ್ನು ಹುಡುಗನ ತಲೆಗೆ ಕಟ್ಟುವುದು ಅವರ ಹಳೆಯ ತಂತ್ರ. "ನಮ್ಮ ಹುಡುಗ ಹಾಗಲ್ಲ" ಎಂಬ ಮಾತಿನಿಂದ ತಿಂಗಳುಗಳು ಹಾಳಾಗುತ್ತವೆ. ಶಾಲೆಯಲ್ಲಿ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಸೇಫ್‌ಗಾರ್ಡಿಂಗ್ ಶಿಕ್ಷಕರಿಗೆ ಮೊದಲು ಹೇಳಿ. ಹೆಸರು ಹೇಳದೆ ಸುಳಿವು ಕೊಡಲು ಕ್ರೈಮ್‌ಸ್ಟಾಪರ್ಸ್, 0800 555 111.

ಬೀದಿಯಲ್ಲಿ "ನಿಮ್ಮ ದೇಶಕ್ಕೆ ಹೋಗಿ" ಅಂತ ಕೂಗಿದ್ರು. ದೂರು ಕೊಟ್ರೆ ಉಪಯೋಗ ಇದೆಯಾ?

ಇದೆ. ಜನಾಂಗ ದ್ವೇಷದಿಂದ ಆದದ್ದೆಂದು ನಿಮಗೆ ಅಥವಾ ನೋಡಿದವರಿಗೆ ಅನ್ನಿಸಿದರೆ ಸಾಕು, ಪೊಲೀಸರು ಹಾಗೆಂದೇ ಗುರುತು ಹಾಕುತ್ತಾರೆ. ದೂರು ಕೊಡುವಾಗ "ಹೇಟ್ ಕ್ರೈಮ್" ಎಂಬ ಪದ ಬಳಸಿ. ಕೋರ್ಟಿನಲ್ಲಿ ದ್ವೇಷ ಸಾಬೀತಾದರೆ ಶಿಕ್ಷೆ ಹೆಚ್ಚುತ್ತದೆ. ಆಡಿದ ಮಾತನ್ನು ಇದ್ದಂತೆಯೇ ಅಂದೇ ಬರೆದಿಡಿ, ಸಮಯ, ಬಟ್ಟೆ, ಕಾರಿನ ನಂಬರ್ ಸಮೇತ. ಪಕ್ಕದ ಅಂಗಡಿಯ ಕ್ಯಾಮೆರಾ ದೃಶ್ಯ ಕೆಲವು ವಾರಗಳಲ್ಲಿ ಅಳಿಸಿಹೋಗುತ್ತದೆ, ಅಂಗಡಿಯವರಿಗೆ ಅಂದೇ ಹೇಳಿಬನ್ನಿ.

2024ರ ಆಗಸ್ಟ್‌ನಲ್ಲಿ ಸೌತ್‌ಪೋರ್ಟ್‌ನಲ್ಲಿ ಮೂವರು ಬಾಲಕಿಯರನ್ನು ಚಾಕುವಿನಿಂದ ಇರಿದು ಕೊಂದ ಘಟನೆಯ ನಂತರ ಇಂಗ್ಲೆಂಡಿನ ಹಲವು ಊರುಗಳಲ್ಲಿ ಗಲಭೆಯಾಯಿತು, ಪಕ್ಕದ ಸ್ಟಾಫರ್ಡ್‌ಶೈರ್‌ನ ಟ್ಯಾಮ್ವರ್ತ್‌ನಲ್ಲೂ ಆಯಿತು. ಅಂಥ ದಿನಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ "ಇಂದು ರಾತ್ರಿ ಈ ಊರು" ಎಂಬ ಪಟ್ಟಿಗಳನ್ನು ಮುಂದಕ್ಕೆ ಕಳಿಸಬೇಡಿ. ಸ್ಥಳೀಯ ಪೊಲೀಸರ ಪ್ರಕಟಣೆ ನೋಡಿ.

ಗಂಡ ಹೊಡೀತಾನೆ, ಪಾಸ್‌ಪೋರ್ಟ್ ಅವನ ಹತ್ತಿರ ಇದೆ. ನಾನು ಡಿಪೆಂಡೆಂಟ್ ವೀಸಾದಲ್ಲಿದೀನಿ. ದೂರು ಕೊಟ್ರೆ ವಾಪಸ್ ಕಳಿಸ್ತಾರಾ?

ದೂರು ಕೊಟ್ಟ ಕಾರಣಕ್ಕೆ ವೀಸಾ ಹೋಗುವುದಿಲ್ಲ. ಈಗ ಅಪಾಯವಿದ್ದರೆ 999. ಮಾತಾಡಬೇಕಿದ್ದರೆ ಹಗಲಿರುಳೂ ಉಚಿತವಾಗಿರುವ ಸಹಾಯವಾಣಿ 0808 2000 247, ದುಭಾಷಿಯನ್ನೂ ಕೇಳಬಹುದು. ಹೊಡೆತ ಮಾತ್ರವಲ್ಲ, ಹಣ ಕೊಡದಿರುವುದು, ಫೋನ್ ಕಸಿಯುವುದು, ತವರಿನೊಂದಿಗೆ ಮಾತಾಡಲು ಬಿಡದಿರುವುದು ಹೀಗೆ ಸತತವಾಗಿ ಹಿಡಿತದಲ್ಲಿಡುವುದೂ 2015ರ ಕಾಯ್ದೆಯಡಿ ಅಪರಾಧ, 5 ವರ್ಷದವರೆಗೆ ಜೈಲು.

ಸಂಗಾತಿ ವೀಸಾದವರಿಗೆ ಮೂರು ತಿಂಗಳ ಕಾಲ ಸರ್ಕಾರಿ ನೆರವು ಪಡೆಯುತ್ತಾ ಇಲ್ಲಿರಲು ಅವಕಾಶ ಕೊಡುವ ರಿಯಾಯಿತಿ ಇದೆ. 2024ರ ಫೆಬ್ರುವರಿಯಿಂದ ಕೆಲಸದ ಮತ್ತು ವಿದ್ಯಾರ್ಥಿ ವೀಸಾದವರ ಸಂಗಾತಿಗಳಿಗೂ ಅದು ಸಿಗುತ್ತದೆ. ಎಚ್ಚರ ಬೇಕಾದದ್ದು ಇಲ್ಲಿ: ಅದನ್ನು ಪಡೆದರೆ ಈಗಿರುವ ವೀಸಾ ಮುಗಿದಂತೆ. ಗಂಡ ಬ್ರಿಟಿಷ್ ಪ್ರಜೆ ಅಥವಾ ಕಾಯಂ ನಿವಾಸಿಯಾಗಿದ್ದರೆ ಅಲ್ಲಿಂದ ಕಾಯಂ ವಾಸಕ್ಕೆ ದಾರಿಯಿದೆ. ಕೆಲಸದ ವೀಸಾದವನಾದರೆ ಆ ದಾರಿ ಹಾಗೆ ತೆರೆದುಕೊಳ್ಳುವುದಿಲ್ಲ. ಆದ್ದರಿಂದ ಅರ್ಜಿಗೆ ಮುಂಚೆ ವಲಸೆ ವಕೀಲರ ಸಲಹೆ ಪಡೆಯಲೇಬೇಕು, ಸಹಾಯವಾಣಿಯವರು ದಾರಿ ತೋರುತ್ತಾರೆ. ಪಾಸ್‌ಪೋರ್ಟ್ ಸಿಗದಿದ್ದರೂ ಅದರ ಫೋಟೊ, ಇ-ವೀಸಾ ಲಾಗಿನ್, ಮದುವೆ ಪ್ರಮಾಣಪತ್ರದ ಪ್ರತಿಯನ್ನು ಗಂಡನಿಗೆ ತಿಳಿಯದ ಇಮೇಲ್‌ನಲ್ಲಿ ಇಟ್ಟುಕೊಳ್ಳಿ.

ಎರಡೇ ದಿನಕ್ಕೆ "ಕೇಸ್ ಕ್ಲೋಸ್" ಅಂತ ಇಮೇಲ್ ಬಂತು. ಇಷ್ಟೇನಾ?

ಸಾಕ್ಷಿ, ಕ್ಯಾಮೆರಾ, ಬೆರಳಚ್ಚು ಯಾವುದೂ ಸಿಗದ ಕಳವು ಬಹಳ ಸಲ ಹೀಗೇ ಮುಗಿಯುತ್ತದೆ. ಸಿಟ್ಟು ಬರುವುದು ಸಹಜ. ಆದರೆ ಫೈಲು ಸುಟ್ಟುಹೋಗಿಲ್ಲ. ಪಕ್ಕದ ಮನೆಯ ಡೋರ್‌ಬೆಲ್ ವಿಡಿಯೊ ಸಿಕ್ಕಿತು, ನಿಮ್ಮ ಸೈಕಲ್ ಆನ್‌ಲೈನ್‌ನಲ್ಲಿ ಮಾರಾಟಕ್ಕಿದೆ ಎಂದರೆ ಅದೇ ಕ್ರೈಮ್ ರೆಫರೆನ್ಸ್ ಹಾಕಿ ಕಳಿಸಿ, ಮತ್ತೆ ತೆರೆಯಬಹುದು. ನೀವೇ ಕೊಳ್ಳುವವರ ಸೋಗಿನಲ್ಲಿ ಅಲ್ಲಿಗೆ ಹೋಗಬೇಡಿ.

ಆರೋಪಿ ಸಿಕ್ಕಿದ್ದು, ಆರೋಪ ಹೊರಿಸುವುದಿಲ್ಲವೆಂದು ತೀರ್ಮಾನಿಸಿದ್ದರೆ "ವಿಕ್ಟಿಮ್ಸ್ ರೈಟ್ ಟು ರಿವ್ಯೂ" ಅಡಿ ಮರುಪರಿಶೀಲನೆ ಕೇಳುವ ಹಕ್ಕಿದೆ. ಆರೋಪಿಯೇ ಸಿಗದ ಪ್ರಕರಣಕ್ಕೆ ಈ ಹಕ್ಕಿಲ್ಲ. ಪೊಲೀಸರು ನಡೆದುಕೊಂಡ ರೀತಿಯ ಬಗ್ಗೆ ಆಕ್ಷೇಪವಿದ್ದರೆ ದಳಕ್ಕೇ ದೂರು ಸಲ್ಲಿಸಬೇಕು. ಹಲ್ಲೆಯಲ್ಲಿ ಗಾಯವಾಗಿದ್ದರೆ ಸರ್ಕಾರಿ ಪರಿಹಾರ ನಿಧಿಗೆ ಸಾಮಾನ್ಯವಾಗಿ 2 ವರ್ಷದೊಳಗೆ ಅರ್ಜಿ ಹಾಕಬೇಕು. ಅದಕ್ಕೆ ಯಾರಿಗೂ ಶಿಕ್ಷೆ ಆಗಿರಬೇಕಿಲ್ಲ, ಆದರೆ ಪೊಲೀಸರಿಗೆ ತಿಳಿಸಿರಲೇಬೇಕು.